ವಾರ ಪೂರ್ತಿ ಇಟ್ಟಿದ್ದೆ

...ಅಲ್ಲ ಪುಟ್ಟಿ, ನನ್ನ ಲ್ಯಾಬಿಗೇ ಬಂದು ನನ್ನನ್ನೇ ಹೀಗೆ ದುರುಗುಟ್ಟಿಕೊಂಡು ನೋಡಿದ್ರೆ ಹೇಗೆ? ಕೂತ್ಕೋ. ಆ ಸ್ಟೂಲ್ ಬೇಡ, ಕಾಲು ಅಲ್ಲಾಡತ್ತೆ. ಕೂರಲ್ವಾ? ಸರಿ, ನಿಂತೇ ಇರು.

ನಿನ್ನ ಗಂಡನ ಕಣ್ಣಲ್ಲಿ ರೋಗಾಣು ಇಲ್ಲ ಅಂತ ನಾನು ಬರ್ಕೊಟ್ಟಿದ್ದು ನಿಜ. ನೀನು ಹುಣ್ಣಿಂದ ಕೆರೆದು ಕಳಿಸಿದ್ದರಲ್ಲಿ ಏನೂ ಬೆಳೀಲಿಲ್ಲ, ಬರ್ಕೊಟ್ಟೆ. ಈಗ ಕಾರ್ನಿಯಾದ ಹುಣ್ಣು ದೊಡ್ಡದಾದ್ರೆ ಅದು ನನ್ನ ತಲೆ ಮೇಲಾ? ನೀನು ಸರಿಯಾಗಿ ಕೆರೆದಿದ್ಯಾ? ಎಷ್ಟೇ ದೊಡ್ಡ ಕಣ್ಣಿನ ಡಾಕ್ಟ್ರಾದ್ರೂ ಸ್ವಂತ ಗಂಡ... ನೋವಾಗತ್ತೆ ಅಂತ ಮೇಲೆ ಮೇಲೆ ಸವರಿರ್ತೀಯ. ಯಾಕೆ ನಗ್ತೀಯ? ನಗೋ ಮಾತಾ ಇದು?

ನಿನ್ನ ಗಂಡ ಅಂತ ಬಿಡಲ್ಲ, ಭಾವನ ಮೇಲೂ ನಂಗೆ ಅನುಮಾನಾನೇ. ದಿನಾ ಸಸಿ ಮಾರೋ ಆಸಾಮಿ, ಮಣ್ಣಿನ ಕೈಯಲ್ಲೇ ಕಣ್ಣುಜ್ಜಿಕೊಳ್ತಾನೆ. ಆ ಔಷಧಿ ಅಂಗಡಿಯವನೂ ಅಷ್ಟೇ, ಹನಿ ಬದಲು ನೀರು ಕೊಟ್ರೂ ಕೊಟ್ಟ. ಮತ್ತೆ ಸ್ಟೆರಾಯ್ಡ್ ಹನಿ ಶುರು ಮಾಡಿದ್ದು ಯಾರು? ನೀನು. ರೋಗಾಣು ಇದ್ರೆ ಆ ಹನಿಯಿಂದ ಹುಣ್ಣು ಇನ್ನೂ ಹೆಚ್ಚತ್ತೆ ಅಂತ ನಿಂಗೆ ಗೊತ್ತಿಲ್ವಾ?

ಮೆಲ್ಲಗೆ ಬೆಳೆಯೋ ರೋಗಾಣುಗಳೂ ಇರ್ತವೆ, ಅಪರೂಪಕ್ಕೆ. ನಂಗೆ ಪಾಠ ಹೇಳ್ಬೇಡ. ಅದಕ್ಕೇ ತಾನೆ ನೀನು ಕಳಿಸಿದ್ದನ್ನ ಸವರಿದ ಆ ಪ್ಲೇಟನ್ನ ವಾರ ಪೂರ್ತಿ ಇನ್‌ಕ್ಯುಬೇಟರಲ್ಲಿ ಬೆಚ್ಚಗೆ ಇಟ್ಟಿದ್ದೆ. ಪೂರ್ತಿ ವಾರ. ತಂಗಿ ಗಂಡ ಅಂತ.

ಬೆನ್ನ ಹಿಂದೆ ಏನದು? ತೋರಿಸು.

ಪ್ಲೇಟು... ಮುಚ್ಚಳದ ಮೇಲೆ ನನ್ನ ಅಕ್ಷರ. ಭಾವನ ಹೆಸರು. ಒಳಗೆ ಸೀಮೆಸುಣ್ಣದ ಪುಡಿ ಉದುರಿಸಿದ ಹಾಗೆ ಬೆಳೆದಿದೆಯಲ್ಲ... ಅಲ್ಲ, ಇದು ಸಿಗೋಕೇ ಸಾಧ್ಯ ಇಲ್ಲ. ಕಸದ ಕೆಂಪು ಚೀಲಕ್ಕೆ ಹಾಕಿದ್ದೆಲ್ಲ ಅವತ್ತೇ ರೋಗಾಣು ಸಾಯೋ ಹಾಗೆ ಬೇಯಿಸೋ ಯಂತ್ರಕ್ಕೆ ಹೋಗತ್ತೆ. ಯಂತ್ರ ಕೆಟ್ಟಿದೆ ಅಂತ ಕಸ ಒಯ್ಯೋ ಆಯಮ್ಮ ಹೇಳ್ತಿದ್ಲು... ಚೀಲ ಅಲ್ಲೇ, ಯಂತ್ರದ ಆ ಸೆಕೆ ಕೋಣೇಲೇ ಬಿದ್ದಿತ್ತಾ ಇಷ್ಟು ದಿನ?

ಚೀಲ ಅಂತ ನೀನು ಅನ್ನಲಿಲ್ಲ. ನಾನೇ ಅಂದೆ.

ಪುಟ್ಟಿ, ಇನ್‌ಕ್ಯುಬೇಟರಲ್ಲಿ ಜಾಗ ಇರ್ಲಿಲ್ಲ ಕಣೆ. ಎರಡು ದಿನ ಏನೂ ಕಾಣದಿದ್ರೆ ತೆಗೆದು ಹಾಕ್ತೀವಿ, ಎಲ್ಲರದ್ದೂ ಹಾಗೇ... ನನ್ನ ಮಾತು ನಂಬಿ ತಾನೆ ನೀನು ಆ ಹನಿ ಹಾಕಿದ್ದು. ಬೈಯೋದಾದ್ರೆ ಬೈ. ಕೊಡು ಇಲ್ಲಿ, ಇದು ಯಾವ ಔಷಧಿಗೆ ಬಗ್ಗತ್ತೆ ಅಂತ ಈಗಲೇ ಪರೀಕ್ಷೆಗೆ ಇಡ್ತೀನಿ, ಇವತ್ತಿಂದಲೇ ಶುರು ಮಾಡೋಣ...

ಯಾಕೆ ತಲೆ ಆಡಿಸ್ತೀಯ? ಭಾವನಿಗೆ ಆ ಕಣ್ಣು ಕಾಣತ್ತೆ ತಾನೆ? ಸ್ವಲ್ಪ, ಬೆಳಕಾದ್ರೂ?

ಪುಟ್ಟಿ...