ಎಲಚಿ ಮರದ ಬುಡಕ್ಕೆ ಚೆಲ್ಲಿದ ಬಿಸಿನೀರು

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಿಬ್ರಾಸನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ.

ನಮ್ಮೂರು ನಾಸಿರಿಯಾದಲ್ಲಿ ಆಗಸ್ಟಿನ ಸುಡುವ ರಾತ್ರಿ. ರೊಟ್ಟಿ ಭಟ್ಟಿಯ ಕೆಲಸ ಮುಗಿಸಿ ನಿಬ್ರಾಸ್ ನಡೆದು ಬರುತ್ತಿದ್ದ. ಹೆಗಲ ಮೇಲೆ ಗೋಣಿ ಸುತ್ತಿದ ಮಂಜುಗಡ್ಡೆ. ತಟ್... ತಟ್... ಎಂದು ಬೆನ್ನಿಗೆ ಹನಿಯುತ್ತಿತ್ತು. ಅವನ ಮನೆಯ ಹಿಂದೆಯೇ ಹಾಳುಬಾವಿ, ಅದರ ಮೇಲೆ ಬಾಗಿದ ಎಲಚಿ ಮರ. ಆ ಮರವನ್ನು ನಮ್ಮಲ್ಲಿ ಯಾರೂ ಕಡಿಯುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣದ ‘ಅವರು’ ಇರುತ್ತಾರೆ. ದಾಟುವಾಗ ‘ದಸ್ತೂರ್’ ಅನ್ನಬೇಕು... ಅಪ್ಪಣೆ ಕೊಡಿ, ದಾರಿ ಬಿಡಿ ಅಂತ. ರಾತ್ರಿ ಬಿಸಿನೀರು ಚೆಲ್ಲುವಾಗಲೂ ಅಷ್ಟೇ. ಮೊದಲು ದಸ್ತೂರ್, ಆಮೇಲೆ ನೀರು. ಅವರ ಮಕ್ಕಳೂ ನೆಲದ ಮೇಲೇ ಮಲಗುತ್ತವೆ.

ನಿಬ್ರಾಸ್ ದಸ್ತೂರ್ ಅಂದೇ ದಾಟಿದ. ಎಷ್ಟು ಸುಸ್ತಾಗಿದ್ದರೂ ನಾಲಿಗೆಗೆ ರೂಢಿ ಇತ್ತು.

ಪಾಪ, ಅವನ ಪಾಡು ನಾಯಿಪಾಡು. ಹಗಲು ಕಾಲೇಜು, ಸಂಜೆ ಭಟ್ಟಿ. ಕಟ್ಟಡ ವಿನ್ಯಾಸದ ಕೊನೇ ವರ್ಷದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಹೆಸರೇ ಹೊಡೆದುಹಾಕುತ್ತಾರೆ. ಬೆಳಗ್ಗೆ ಪರೀಕ್ಷಕರ ಮುಂದೆ ಅವನು ಯೋಚಿಸಿದ ಆಸ್ಪತ್ರೆಯ ಚಿತ್ರ ಇಡಬೇಕು, ಬೆಳಕು ನೆರಳು ಸಮೇತ. ಅದನ್ನು ಮೂಡಿಸುವುದು ಕಂಪ್ಯೂಟರಿನ ಕೆಲಸ. ಕಂಪ್ಯೂಟರೋ, ತೀರಾ ಅಗ್ಗದ್ದು. ತನ್ನ ನಡಿಗೆಯಲ್ಲಿ ನಡೆದರೆ ಮರುದಿನ ಸಂಜೆಗೂ ಮುಗಿಸದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಹಾಸಿಗೆಯೇ ಗೇಣುದ್ದ ಇದ್ದವನು ಏನು ಮಾಡಬೇಕು?

ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ. ಅಂದರೆ, ಅದಕ್ಕೆ ಹೇಳಿದ ವೇಗಕ್ಕಿಂತ ಜೋರಾಗಿ ಓಡಿಸಿದ. ಹಾಗೆ ಓಡಿಸಿದರೆ ಅದು ಕಾಯುತ್ತದೆ, ವಿಪರೀತ ಕಾದರೆ ನಿಂತೇ ಬಿಡುತ್ತದೆ. ಅದಕ್ಕೆ ಮನೆಯ ಏರ್‌ಕೂಲರಿನ ಪಂಪು ಬಿಚ್ಚಿ, ಬಕೆಟ್ಟಿನ ತಣ್ಣೀರನ್ನು ಕೊಳವೆಯಲ್ಲಿ ಅದರ ನೆತ್ತಿಯ ಮೇಲೆ ಹಾಯಿಸಿದ. ಕೂಲರ್ ಹೋದ ಮೇಲೆ ಹೆಂಡತಿ ರುಸುಲ್ ಎಳೆಮಗುವನ್ನು ಎತ್ತಿಕೊಂಡು ಮಲಗಲು ಮಾಳಿಗೆ ಹತ್ತಿದಳು. “ನಿನ್ನ ಡಬ್ಬಿಗೆ ತಣ್ಣೀರ ಸ್ನಾನ, ನಿನ್ನ ಮಗಳಿಗೆ ಬೆವರ ಸ್ನಾನ,” ಅಂದಳು. “ಪಾಸಾಗಪ್ಪಾ, ಸಾಕು.”

ನಡುರಾತ್ರಿಯ ಹೊತ್ತಿಗೆ ಬಕೆಟ್ಟಿಗೆ ಹಾಕಿದ್ದ ಮಂಜುಗಡ್ಡೆ ಕರಗಿತು. ಪಂಪು ಗುಳುಗುಳು... ಫ್ಯಾನು ಸೊಂಯ್... ಬಕೆಟ್ಟಿಗೆ ಕೈ ಹಾಕಿ ನೋಡಿದ. ತಟ್ಟನೆ ಹಿಂದಕ್ಕೆಳೆದುಕೊಂಡ. ಎದ್ದ. ಕಣ್ಣು ಎಳೆಯುತ್ತಿತ್ತು. ಹಿತ್ತಲ ಬಾಗಿಲು ತೆಗೆದು ನೀರನ್ನು ಮರದ ಬುಡಕ್ಕೆ ಎರಚಿದ.

ಛಳ್...

ಆಮೇಲೆ ಕುಂಯ್... ಎಂದು ಒಂದು ಸಣ್ಣ ಸದ್ದು. ನಾಯಿಮರಿ ಇರಬೇಕು ಅಂದುಕೊಂಡ. ನಲ್ಲಿ ತಿರುಗಿಸಿ ಬಕೆಟ್ಟು ತುಂಬಿದ. ಆಗಸ್ಟಿನಲ್ಲಿ ತೊಟ್ಟಿಯ ನೀರೂ ಬೆಚ್ಚಗೇ ಇರುತ್ತದೆ. ಅದು ಬಹಳ ಹೊತ್ತು ಬಾರದು. ಬಂದು ಕೂತ.

ಕಿಟಕಿಯಿಂದ ಹೆಣ್ಣಿನ ಪಿಸುದನಿ ಬಂತು.

“ಈಗಷ್ಟೇ ಕಣ್ಣು ಮುಚ್ಚಿತ್ತು... ಎಬ್ಬಿಸಿಬಿಟ್ಟೆ.”

ರುಸುಲ್ ಇರಬೇಕು ಅಂದುಕೊಂಡ. ಪರದೆಯಿಂದ ಕಣ್ಣು ಕೀಳಲಿಲ್ಲ. “ಇದೊಂದು ರಾತ್ರಿ ತಡ್ಕೊಳ್ಳೇ.”

“ನಿಂದು ಮಾಳಿಗೆ ಮೇಲೆ ಮಲಗಿದೆಯಲ್ಲ... ನಾನು ನನ್ನ ಕೂಸಿನ ಮಾತು ಹೇಳ್ತಿರೋದು.”

ತಿರುಗಿದ. ಕಿಟಕಿಯಲ್ಲಿ ಯಾರೂ ಇಲ್ಲ... ಸರಳು, ಅದರಾಚೆ ಮರ. ಮರದ ಬುಡದಲ್ಲಿ ಮಗು ಬಿಕ್ಕುತ್ತಿತ್ತು. ಆ ಹೆಣ್ಣಿನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿದ್ದು. ರಾತ್ರಿಯಿಡೀ ಮಗು ಹೊತ್ತು ತಿರುಗಿದ ತಾಯಿಯ ದನಿ ಅದು.

“ದಸ್ತೂರ್... ಅಕ್ಕಾ, ತಪ್ಪಾಯ್ತು.”

“ಚೆಲ್ಲೋಕೆ ಮುಂಚೆ ಅನ್ಬೇಕಿತ್ತು.” ಮಗುವಿನ ಬೆನ್ನು ತಟ್ಟುವ ಸದ್ದು ಬಂತು. “ಇನ್ನೊಂದು ಸಲ ಚೆಲ್ತೀಯಾ?”

ಪರದೆ ನೋಡಿದ. ಚಿತ್ರ ಅರ್ಧ ದಾಟಿತ್ತು. ಶಾಖ ಏರುತ್ತಲೇ ಇತ್ತು. ಜೋರಾಗಿ ಓಡಿಸಿದರೆ ಬೆಳಗಾಗುವುದರೊಳಗೆ ಮತ್ತೆ ನೀರು ಬದಲಿಸಲೇಬೇಕು, ಆ ಬಿಸಿನೀರನ್ನು ಎಲ್ಲಿ ಚೆಲ್ಲಿದರೂ ಅದು ನೆಲವೇ, ದಸ್ತೂರ್ ಅಂದರೂ ಅವಳು ಮಗುವನ್ನು ಎತ್ತಿಕೊಂಡು ಮತ್ತೆ ಏಳಬೇಕು.

“ಇಲ್ಲ,” ಅಂದ.

ಪ್ರೊಸೆಸರಿನ ವೇಗ ಇಳಿಸಿದ. ಏನು ಕಳೆದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೇಬಿಟ್ಟನಂತೆ. ಫ್ಯಾನಿನ ಸದ್ದು ತಗ್ಗಿತು. ಹೊರಗೆ ಬಿಕ್ಕಳಿಕೆ ನಿಧಾನ ನಿಂತು, ಹ್ಞೂಂ... ಹ್ಞೂಂ... ಎಂದು ಜೋಗುಳದ ಗುನುಗು ಶುರುವಾಯಿತು. ಒಂದು ಗಳಿಗೆ ಎಂದು ಮೇಜಿಗೆ ತಲೆ ಆನಿಸಿದ...

ರುಸುಲ್ ಅಲುಗಾಡಿಸಿದಾಗ ಮುಖಕ್ಕೆ ಬಿಸಿಲು ಬಿದ್ದಿತ್ತು. ಚಿತ್ರ ಇನ್ನೂ ಕಾಲುಭಾಗ ಬಾಕಿ. ಅವಳು ನೋಡುತ್ತಿದ್ದದ್ದು ಬಕೆಟ್ಟನ್ನು. ಅಂಚಿನವರೆಗೆ ತುಂಬಿತ್ತು. ಹೊರಮೈಯೆಲ್ಲ ಬೆವತಿತ್ತು. ಅವಳು ಕೈ ಅದ್ದಿ “ಸ್ಸ್” ಎಂದು ತೆಗೆದಳು.

“ಇಷ್ಟು ತಣ್ಣೀರು ತಂದಿಟ್ಕೊಂಡು, ಯಾಕಯ್ಯಾ ನಿಧಾನ ಮಾಡಿದೆ?”

ಅವನು ಬಕೆಟ್ಟು ನೋಡಿದ. ಕಿಟಕಿ ನೋಡಿದ. ರಾತ್ರಿ ಯಾರೋ ಪಕ್ಕಕ್ಕೇ ತಂದಿಟ್ಟಿದ್ದರು, ಮಲಗಿದ್ದವನನ್ನು ಎಬ್ಬಿಸುವ ಮನಸ್ಸು ಅವರಿಗಾಗಿರಲಿಲ್ಲ.

ಅರೆಬರೆ ಚಿತ್ರ ಹಿಡಿದೇ ಹೋದ. ಹೆಸರು ಹೊಡೆದುಹಾಕಿದರು. ಈಗ ಇಡೀ ದಿನ ಭಟ್ಟಿಯಲ್ಲೇ ಇರುತ್ತಾನೆ.

ಕನಸು ಕಂಡಿರಬೇಕು ಅನ್ನುತ್ತೀರಿ. ಅನ್ನಿ. ಆ ಬೆಳಗ್ಗೆ ರುಸುಲ್ ಗೋಡೆಯಾಚೆಯಿಂದ ನನ್ನನ್ನು ಕರೆದಳು, ಹೋಗಿ ನಾನೂ ಕೈ ಅದ್ದಿದೆ. ಮೂಳೆ ಜುಮ್ಮೆಂದಿತು. ಮಂಜುಗಡ್ಡೆಯ ಅಂಗಡಿ ಇನ್ನೂ ತೆರೆದಿರಲಿಲ್ಲ. ಬಕೆಟ್ಟನ್ನು ಅಂಗಳದ ಬಿಸಿಲಿಗೆ ಇಟ್ಟೆವು. ಸಂಜೆಯವರೆಗೂ ಅದು ಬೆಚ್ಚಗಾಗಲಿಲ್ಲ.