ಹೊಸಬಳ ಮೊದಲ ವಾರ

“ದೇವರು ಇಷ್ಟು ಬೇಗ ಕಣ್ಣು ಬಿಡ್ತಾನೆ ಅಂತ ಯಾರಿಗೆ ಗೊತ್ತಿತ್ತು?”

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಶಿಶುವಿಹಾರದ ಹಿರಿಯ ಆಯಾ ಯಾರನ್ನೂ ನೋಡದೆ ಕೇಳಿದಳು. ಪಕ್ಕದಲ್ಲಿ ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತಿದ್ದ ಮೇಷ್ಟರೊಬ್ಬರು ಎರಡನೆಯ ಸಾಲಿಗೇ ನಿಂತುಬಿಟ್ಟರು.

ಜೊತೆಗಿದ್ದ ಕಿರಿಯ ಆಯಾ ಪೆನ್ನು ತೆಗೆದಳು. “ಹೊಸಬಳಿಗೆ ಮೊದಲ ವಾರ ಏನೇನು ಕಲಿಸೋದು, ಹೇಳಿ ಅಕ್ಕಾ. ನಾಳೆ ಪಟ್ಟಿ ಕೊಡಬೇಕು.”

“ತನ್ನ ಮಗನ ಮೊಣಕಾಲು ತರಚಿತು ಅಂತ ಎಲ್ಲ ತಾಯಂದಿರ ಮುಂದೆ ನನ್ನ ಕೈಲಿ ಕ್ಷಮೆ ಕೇಳಿಸಿದ ಮಹಾತಾಯಿ! ಈಗ ನನ್ನ ಕೈಕೆಳಗೇ ಕೆಲಸ ಕಲೀತಾಳಂತೆ. ಬರ್ಕೋ. ಸೋಮವಾರ ಬೆಳಗ್ಗೆ, ಗೇಟು.”

“ಹನ್ನೆರಡೂ ಮಕ್ಕಳು ಒಟ್ಟಿಗೆ ರಾಗ ತೆಗೆಯೋ ಹೊತ್ತಿಗಾ?”

“ಅದೇ ಹೊತ್ತಿಗೆ. ಮಂಗಳವಾರ, ಕಚ್ಚೋ ಪುಟಾಣಿಗೆ ಊಟ ಮಾಡಿಸಲಿ.”

“ಅಯ್ಯೋ, ಬೆರಳು ಉಳಿಯುತ್ತಾ?”

“ನಂದು ಉಳಿದಿಲ್ವಾ? ಬುಧವಾರ, ಒದ್ದೆ ಚಡ್ಡಿಗಳೆಲ್ಲ ಅವಳ ಪಾಲು.”

ಕಿರಿಯಳು ನಗುತ್ತಲೇ ಬರೆದಳು. “ಗುರುವಾರ ಮಧ್ಯಾಹ್ನ ಮಲಗಿಸೋದು. ಅಕ್ಕಾ, ನಿಮ್ಮ ಹಳೇ ಶಾಲಿನ ತುಂಡು ಕೆನ್ನೆಗೆ ತಾಗದೆ ಅವಳ ಮಗ ಕಣ್ಣು ಮುಚ್ಚಲ್ಲ. ಅದು ಅವಳಿಗೆ ಗೊತ್ತೇ ಇಲ್ಲ. ಬಚ್ಚಿಟ್ಟುಬಿಡೋಣ. ಅತ್ತೂ ಅತ್ತೂ ಅವಳ ನೀರಿಳಿಸ್ತಾನೆ.”

ಹಿರಿಯಳ ನಗು ಅಲ್ಲೇ ನಿಂತಿತು. “ಶಾಲು ಅವನ ಹಾಸಿಗೆ ಮೇಲೇ ಇರಲಿ. ಅವನು ಯಾರ ವಾಸನೆ ಹಿಡಿದು ಮಲಗ್ತಾನೆ ಅಂತ ಅವಳು ಕಣ್ಣಾರೆ ನೋಡಲಿ.”

ಬಸ್ಸು ಬಂತು. ಹಿರಿಯಳು ಎದ್ದಳು.

“ಒಂದೇ ಒಂದು ದಿನ, ಅಕ್ಕಾ, ಬಚ್ಚಿಡೋಣ?”

“ಆಗಲ್ಲ ಅಂದ್ರೆ ಆಗಲ್ಲ. ಮಗು ಅಳುತ್ತೆ.”