ಕದ್ದು ಕೇಳಿದ ಮಾತು

ಹಾನಗಲ್ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ತನುಜಾಳಿಗೆ ಪಕ್ಕದಲ್ಲಿ ಕೂತ ಅಜ್ಜಿ-ಮೊಮ್ಮಗಳ ಮಾತು ಕೇಳಿಸಿತು.

“ಅಜ್ಜಿ, ಎಪ್ಪತ್ತೊಂದರ ಯುದ್ಧದಾಗ ನೀ ವೈರಿಗಳ ವೈರ್‌ಲೆಸ್ ಮಾತು ಕದ್ದು ಕೇಳಿ ನಮ್ಮ ಹಡಗ ಉಳಿಸಿದ್ದನ್ನ ಫೇಸ್‌ಬುಕ್ಕಿಗೆ ಹಾಕೇನಿ.”

“ಯಾರಿಗೂ ಹೇಳಬ್ಯಾಡ ಅಂದಿದ್ನಲ್ಲ, ದೀಪ್ತಿ?”

“ಐವತ್ತು ವರ್ಷ ದಾಟೇದ. ಇನ್ನ ಯಾರಿಗೇನು?”

“ನನ್ನ ಜೋಡಿ ಕೆಲಸಕ್ಕಿದ್ದ ಸುಮತಿ ತನ್ನ ಗಂಡನ ಮುಂದ ಈ ಕೆಲಸದ ಬಗ್ಗೆ ಒಂದ ಮಾತು ಆಡಿದ್ಲು. ಮರುದಿನ ಕೆಲಸಕ್ಕ ಬರಲಿಲ್ಲ. ಇವತ್ತಿಗೂ ಅಕಿ ಸುದ್ದಿಲ್ಲ.”

ತನುಜಾ ಅವರತ್ತ ಸ್ವಲ್ಪ ವಾಲಿದಳು.

“ನಿನ್ನೆ ಯಾರೋ ಫೋನ್ ಮಾಡಿದ್ರು. ನಿನ್ನ ಹಳೇ ಆಫೀಸಿನವರಂತ. ಸವಣೂರಿನ ಮನಿ ವಿಳಾಸ ಕೇಳಿದ್ರು.”

“ಕೊಟ್ಟಿಯೇನು?”

“ಕೊಟ್ಟೆ.”

ಅಷ್ಟರಲ್ಲಿ ಸವಣೂರಿನ ಬಸ್ಸು ಬಂತು. ಅಜ್ಜಿ ಹತ್ತಲಿಲ್ಲ. “ಮನಿಗೆ ಬ್ಯಾಡ,” ಎಂದವಳೇ ಮೊಮ್ಮಗಳ ಫೋನ್ ಇಸಿದುಕೊಂಡು ಬಂದ್ ಮಾಡಿ, ಅವಳ ಕೈ ಹಿಡಿದು ಹಿರೇಕೆರೂರು ಬಸ್ಸಿನತ್ತ ನಡೆದಳು.